ಓದುಗರ ಪ್ರಶ್ನೆ: ತಪ್ಪು ಕಂಡೂ ಕಾಣದಂತೆ ಇರಬಹುದೆ?

ಪ್ರಶ್ನೆ: ನನ್ನ ತಮ್ಮ ಸಂಬಳ ಬಂದ ವಾರದಲ್ಲೇ ಅರ್ಧ ದುಡ್ಡನ್ನು ಇಸ್ಪೀಟಿಗೆ ಹಾಕಿಬಿಡುತ್ತಾನೆ. ಮನೆ ನಡೆಯುವುದು ಅವನ ಹೆಂಡತಿ ಸ್ವಸಹಾಯ ಸಂಘದಲ್ಲಿ ತೆಗೆದ ಸಾಲದಿಂದ. ನಾನು ಮಾತಾಡಲು ಹೊರಟರೆ ನಮ್ಮ ಯಜಮಾನರು, "ತೀರ್ಪು ಮಾಡಬೇಡಿ ಅಂತ ಯೇಸುಸ್ವಾಮಿಯೇ ಹೇಳಿದ್ದಾರೆ, ನಿನಗ್ಯಾಕೆ?" ಎನ್ನುತ್ತಾರೆ. ಸುಮ್ಮನಿರಬೇಕೆ? (ಹಾಸನದಿಂದ ಒಬ್ಬ ಓದುಗರು)

ಉತ್ತರ: ಸುಮ್ಮನಿರಬಾರದು. ಬೈಬಲಿನಲ್ಲಿ ಮತ್ತಾಯನ ಶುಭಸಂದೇಶದ 7ನೇ ಅಧ್ಯಾಯದ ಆ ಮಾತನ್ನು ಮೊದಲ ಸಾಲಿಗೇ ನಿಲ್ಲಿಸಿಬಿಡುವವರು ಬಹಳ. ಐದನೇ ವಾಕ್ಯದವರೆಗೆ ಓದಿ. ನಿನ್ನ ಕಣ್ಣಿನ ತೊಲೆಯನ್ನು ಮೊದಲು ತೆಗೆದುಹಾಕು, ಆಮೇಲೆ ಸೋದರನ ಕಣ್ಣಿನ ಧೂಳು ತೆಗೆಯಲು ನಿನಗೆ ಸರಿಯಾಗಿ ಕಾಣುತ್ತದೆ ಎಂದಿದೆ. ಧೂಳು ತೆಗೆಯುವ ಕೆಲಸ ರದ್ದಾಗಿಲ್ಲ. ಒಬ್ಬರ ಮನಸ್ಸಿನೊಳಗೆ ಹೊಕ್ಕು "ಇವನು ಕೆಟ್ಟವನೇ" ಎಂದು ಷರಾ ಬರೆಯುವ ಅಧಿಕಾರ ನಮಗಿಲ್ಲ, ಅಷ್ಟೆ. ಕಣ್ಣೆದುರು ನಡೆದದ್ದನ್ನು ತಪ್ಪು ಎನ್ನಬಹುದು, ಎನ್ನಲೂಬೇಕು. "ನಿನ್ನಂತೆಯೇ ನೆರೆಯವನನ್ನು ಪ್ರೀತಿಸು" ಎಂಬ ಆಜ್ಞೆ ಬೈಬಲಿನ ಹಳೆಯ ಒಡಂಬಡಿಕೆಯ ಯಾಜಕಕಾಂಡ 19:18ರಲ್ಲಿದೆ. ಅದರ ಹಿಂದಿನ ವಾಕ್ಯವೇ ನೆರೆಯವನಿಗೆ ತಪ್ಪನ್ನು ತೋರಿಸಿಕೊಡು ಎನ್ನುತ್ತದೆ. ಕಥೋಲಿಕ ಧರ್ಮಸಭೆಯ ಅಧಿಕೃತ ಬೋಧನೆಯ ಪುಸ್ತಕವಾದ ಕಟೆಕಿಸಂ ಸಹ (ಸಂಖ್ಯೆ 1829) ಸೋದರಭಾವದಿಂದ ತಿದ್ದುವುದನ್ನು ಪ್ರೀತಿಯೇ ಕೇಳುವ ಕೆಲಸವೆಂದು ಹೇಳುತ್ತದೆ. ಧರ್ಮಸಭೆ ಹೇಳುವ ಏಳು ಆತ್ಮಿಕ ದಯಾಕಾರ್ಯಗಳಲ್ಲಿ ಪಾಪಿಗಳನ್ನು ಎಚ್ಚರಿಸುವುದೂ ಒಂದು. ಹಸಿದವರಿಗೆ ಊಟ ಹಾಕಿದಷ್ಟೇ ಅದೂ ದಯೆಯ ಕೆಲಸ.

ಆದರೆ ಇದು ಎಲ್ಲರ ಮೇಲೂ ಎಲ್ಲ ಹೊತ್ತಿನಲ್ಲೂ ಬೀಳುವ ಹೊಣೆಯಲ್ಲ. ಮಾತಾಡುವ ಮೊದಲು ಕೆಲವನ್ನು ನೋಡಿಕೊಳ್ಳಬೇಕು. ತಪ್ಪು ನಡೆದಿರುವುದು ಖಚಿತವೆ, ಬರೀ ಅನುಮಾನವೆ? ಅದು ನಿಜಕ್ಕೂ ಗಂಭೀರವೆ? ಹೇಳಿದರೆ ತಿದ್ದಿಕೊಳ್ಳುವ ಆಸೆ ಸ್ವಲ್ಪವಾದರೂ ಇದೆಯೆ? ನನಗಿಂತ ಚೆನ್ನಾಗಿ ಹೇಳಬಲ್ಲವರು ಬೇರೆ ಇದ್ದಾರೆಯೆ, ಇದ್ದರೆ ಅವರು ಹೇಳುತ್ತಾರೆಯೆ? ನಿಮ್ಮ ವಿಷಯದಲ್ಲಿ ಮೊದಲೆರಡಕ್ಕೆ ಉತ್ತರ ಸ್ಪಷ್ಟ. ಮೂರನೆಯದು ನೀವೇ ಬಲ್ಲಿರಿ, ಅಕ್ಕನ ಮಾತಿಗೆ ತಮ್ಮ ಎಷ್ಟು ಬೆಲೆ ಕೊಡುತ್ತಾನೆಂದು. ಇನ್ನು ತಪ್ಪು ಹುಡುಕಿಕೊಂಡು ಹೋಗುವ ಹೊಣೆ ಯಾರಿಗೂ ಇಲ್ಲ. ಹಾಗೆ ಮಾಡಿದರೆ ನಾವು ಇನ್ನೊಬ್ಬರ ಬಾಳಿನ ಗೂಢಚಾರರಾಗುತ್ತೇವೆ ಎಂದು 13ನೇ ಶತಮಾನದ ದೇವಶಾಸ್ತ್ರಜ್ಞ ಸಂತ ತೋಮಾಸ್ ಅಕ್ವಿನಾಸರು ನೇರವಾಗಿಯೇ ಬರೆದಿದ್ದಾರೆ. ಅವನ ಮೊಬೈಲ್ ತೆಗೆದು ನೋಡುವುದು ಬೇಡ.

ಸುಮ್ಮನಿರುವುದರಲ್ಲೂ ಬಗೆಗಳುಂಟು. ಒಳ್ಳೆಯ ಹೊತ್ತಿಗೆ ಕಾಯುವುದು, ಈಗ ಹೇಳಿದರೆ ಇನ್ನೂ ಕೆಡುತ್ತಾನೆಂದು ತಡೆಯುವುದು, ಇವೂ ಪ್ರೀತಿಯೇ. ತಮ್ಮ ಮುನಿಸಿಕೊಂಡಾನು, ನಾಳೆ ಆಸ್ತಿ ಪಾಲಿನಲ್ಲಿ ತೊಡಕಾದೀತು ಎಂದು ಬಾಯಿ ಮುಚ್ಚಿಕೊಂಡರೆ ಅದು ಬೇರೆ ಲೆಕ್ಕ.

ಪ್ರಶ್ನೆ: ಹಬ್ಬದ ವಸೂಲಿ ಲೆಕ್ಕದಲ್ಲಿ ವ್ಯತ್ಯಾಸ ಕಂಡಿತು. ನಮ್ಮ ಸಂಘದ ವಾಟ್ಸಾಪ್ ಗುಂಪಿನಲ್ಲಿ ವಿನಯದಿಂದಲೇ ಕೇಳಿದೆ. ಖಜಾಂಚಿ ಗುಂಪು ಬಿಟ್ಟರು, ಈಗ ಪೂಜೆಗೂ ಬರುತ್ತಿಲ್ಲ. ನಾನು ಕೇಳಿದ್ದರಲ್ಲಿ ತಪ್ಪೇನು? (ಬೆಂಗಳೂರಿನಿಂದ)

ಉತ್ತರ: ಕೇಳಿದ್ದರಲ್ಲಿ ತಪ್ಪಿಲ್ಲ, ಕೇಳಿದ ಜಾಗದಲ್ಲಿ ಇದೆ. ಮತ್ತಾಯ 18:15ರಿಂದ 17ರವರೆಗೆ ಕ್ರಮ ಬಹಳ ಸ್ಪಷ್ಟ: ಮೊದಲು ನೀವಿಬ್ಬರೇ, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು, ಆಗಲೂ ಕೇಳದಿದ್ದರೆ ಸಭೆಗೆ. ನೀವು ಮೂರನೇ ಮೆಟ್ಟಿಲಿನಿಂದ ಶುರುಮಾಡಿದಿರಿ. ನಮ್ಮ ಧರ್ಮಕೇಂದ್ರಗಳಲ್ಲಿ ಇದೇ ಮಾಮೂಲು. ವಿಷಯ ಊರಿಗೆಲ್ಲ ಗೊತ್ತಾದ ಮೇಲೆ ಕೊನೆಗೆ ಸಂಬಂಧಪಟ್ಟವರ ಕಿವಿಗೆ ಬೀಳುತ್ತದೆ. ಮಾನ ಹೋದ ಮೇಲೆ ಮನುಷ್ಯ ತಪ್ಪನ್ನು ತಿದ್ದಿಕೊಳ್ಳುವುದಿಲ್ಲ, ಸಮರ್ಥಿಸಿಕೊಳ್ಳುತ್ತಾನೆ. ಮೊದಲು ಇಬ್ಬರೇ ಇರಬೇಕೆಂದದ್ದು ಇದಕ್ಕೇ. ಜೊತೆಗೆ, ನಿಜವೇ ಆಗಿದ್ದರೂ ಒಬ್ಬರ ತಪ್ಪನ್ನು ತಕ್ಕ ಕಾರಣವಿಲ್ಲದೆ ಅರಿಯದವರಿಗೆ ಹೇಳುವುದೇ ಪಾಪ ಎನ್ನುತ್ತದೆ ಕಟೆಕಿಸಂ (2477).

ಇದಕ್ಕೊಂದು ಹಳೆಯ ಉದಾಹರಣೆ ಉಂಟು. ಕ್ರಿ.ಶ. 390ರಲ್ಲಿ ರೋಮ್ ಚಕ್ರವರ್ತಿ ಥಿಯೋಡೋಸಿಯಸ್‌ನ ಆಜ್ಞೆಯಿಂದ ಗ್ರೀಸಿನ ಥೆಸಲೋನಿಕದಲ್ಲಿ ಸಾವಿರಾರು ಜನರ ಹತ್ಯೆ ನಡೆದಾಗ ಮಿಲಾನಿನ ಧರ್ಮಾಧ್ಯಕ್ಷ ಸಂತ ಅಂಬ್ರೋಸರು ಅವನಿಗೆ ಬರೆದ ಪತ್ರ ಈಗಲೂ ಇದೆ. ನೀವೊಬ್ಬರೇ ಓದಲಿ ಎಂದು ನನ್ನ ಕೈಯಾರೆ ಬರೆಯುತ್ತಿದ್ದೇನೆ ಎಂದು ಅದರಲ್ಲಿದೆ. ಕಡು ಮಾತೇ ಹೇಳಿದ್ದಾರೆ, ಪಶ್ಚಾತ್ತಾಪವಿಲ್ಲದೆ ಅವನ ಮುಂದೆ ಬಲಿಪೂಜೆ ಅರ್ಪಿಸಲಾರೆ ಎಂದೂ ಹೇಳಿದ್ದಾರೆ. ಆದರೆ ಗುಮಾಸ್ತನ ಕಣ್ಣಿಗೂ ಬೀಳದ ಹಾಗೆ. ಚಕ್ರವರ್ತಿ ಕೊನೆಗೆ ಬಹಿರಂಗವಾಗಿಯೇ ಪ್ರಾಯಶ್ಚಿತ್ತ ಮಾಡಿಕೊಂಡ.

ಈಗ ನೀವು ಮಾಡಬೇಕಾದ್ದು. ಮೊದಲು ಕ್ಷಮೆ, ಅದೂ ಗುಂಪಿನಲ್ಲೇ: "ಇದನ್ನು ನಿಮ್ಮ ಹತ್ತಿರ ನೇರ ಕೇಳಬೇಕಿತ್ತು, ಇಲ್ಲಿ ಹಾಕಿದ್ದು ನನ್ನ ತಪ್ಪು." ಅದಕ್ಕಿಂತ ಒಂದು ಪದ ಹೆಚ್ಚು ಬೇಡ. "ಆದರೂ ಲೆಕ್ಕ ಮಾತ್ರ..." ಎಂದು ಬಾಲ ಸೇರಿಸಿದಿರೋ ಕ್ಷಮೆ ಕೆಟ್ಟಿತು. ಆಮೇಲೆ ಫೋನ್ ಮಾಡಿ, ಮನೆಗೆ ಹೋಗಿ. ಪೂಜೆ ಮುಗಿದು ಜನ ಹೊರಬರುವ ಚರ್ಚ್ ಬಾಗಿಲು ಇದಕ್ಕೆ ಅತಿ ಕೆಟ್ಟ ಜಾಗ. ಊಟದ ಮೇಜು, ಮಕ್ಕಳ ಮುಂದೆ, ಕುಡಿದಿರುವಾಗ, ಇವೂ ಬೇಡ. ರಸೀದಿ ಪುಸ್ತಕದ ಪ್ರತಿ ಕೈಯಲ್ಲಿರಲಿ. ಮೊದಲ ಮಾತು ಪ್ರಶ್ನೆಯಾಗಿರಲಿ: "ರಸೀದಿ ಕೂಡಿಸಿದರೆ ಇಷ್ಟಾಗುತ್ತೆ, ಪಟ್ಟಿಯಲ್ಲಿ ಇಷ್ಟಿದೆ. ನನ್ನ ಕಣ್ಣಿಗೆ ಏನಾದರೂ ತಪ್ಪಿತಾ ನೋಡಿ." ಎಷ್ಟೋ ಸಲ ಉತ್ತರ ಸರಳ: ಪೆಂಡಾಲಿನವನಿಗೆ ಕೊಟ್ಟ ಮುಂಗಡಕ್ಕೆ ಚೀಟಿ ಬರೆಸಿರುವುದಿಲ್ಲ. ಆಗ ತಿದ್ದಬೇಕಾದ್ದು ಲೆಕ್ಕ ಬರೆಯುವ ಕ್ರಮವನ್ನು, ಮನುಷ್ಯನನ್ನಲ್ಲ.

ಉತ್ತರ ಸಮಾಧಾನ ಕೊಡದಿದ್ದರೆ ಒಂದೇ ವಿಷಯ ಹಿಡಿದು, "ಯಾವಾಗಲೂ", "ನಿಮ್ಮ ಮನೆಯವರೆಲ್ಲ" ಎಂಬ ಮಾತುಗಳನ್ನು ಬಿಟ್ಟು, ಏನು ಮಾಡಿದರೆ ಸರಿಹೋಗುತ್ತದೆ ಎಂಬುದನ್ನೂ ಹೇಳಿ. ಯೋಚಿಸಲು ಒಂದೆರಡು ವಾರ ಬಿಡಿ. ಅಷ್ಟರಲ್ಲಿ ನಿಮ್ಮ ಹೆಂಡತಿಗೂ ಹೇಳಬೇಡಿ. ಕಷ್ಟದ ಮಾತು, ಗೊತ್ತು.

ಎರಡನೇ ಮೆಟ್ಟಿಲಿಗೆ ಆರಿಸುವ ಸಾಕ್ಷಿಗಳು ನಿಮ್ಮ ಕಡೆಯವರಾದರೆ ಅದು ಮುತ್ತಿಗೆ. ಅವರು ಗೌರವಿಸುವ, ಲೆಕ್ಕ ಬಲ್ಲ, ಬಾಯಿ ಬಿಗಿಯಿರುವ ಒಬ್ಬರು ಸಾಕು. ಸಾಕ್ಷಿ ಬರುವುದು ನೀವು ಹೇಳುತ್ತಿರುವುದು ನ್ಯಾಯವೆ ಎಂದು ನೋಡುವುದಕ್ಕೂ ಹೌದು. ಅದೂ ಆಗದಿದ್ದರೆ ಧರ್ಮಕೇಂದ್ರದ ಗುರುಗಳಿಗೆ ಮತ್ತು ಹಣಕಾಸು ಸಮಿತಿಗೆ ಬರಹದಲ್ಲಿ ಕೊಡಿ. ಸಾರ್ವಜನಿಕರ ಹಣ, ಖಜಾಂಚಿ ನೊಂದುಕೊಂಡರೆಂದು ಲೆಕ್ಕವನ್ನೇ ಮುಚ್ಚಿಡುವ ಹಾಗಿಲ್ಲ.

ಪ್ರಶ್ನೆ: ಗುರುಗಳನ್ನು ತಿದ್ದುವ ಹಕ್ಕು ನಮ್ಮಂಥ ಯುವಕರಿಗೆ ಉಂಟೆ? ನಮ್ಮ ಫಾದರ್ ಪ್ರಬೋಧನೆ ಮುಕ್ಕಾಲು ಗಂಟೆ ನಡೆಯುತ್ತದೆ. (ಮೈಸೂರಿನಿಂದ)

ಉತ್ತರ: ಉದ್ದ ಪ್ರಬೋಧನೆ ಪಾಪವಲ್ಲ, ಕೇಳುವವರ ತಪಸ್ಸು. ಅದಕ್ಕೆ ಮತ್ತಾಯ 18 ಬೇಡ, ಒಂದು ಕಪ್ ಕಾಫಿ ಸಾಕು. ಆದರೆ ಹಕ್ಕಿನ ಮಾತು ಗಂಭೀರವಾದದ್ದೇ. ಅಂತಿಯೋಕ್ಯದಲ್ಲಿ ಪೌಲನು ಪ್ರೇಷಿತರಲ್ಲಿ ಹಿರಿಯನಾದ ಪೇತ್ರನನ್ನೇ ಮುಖಾಮುಖಿ ಎದುರಿಸಿದ (ಗಲಾತ್ಯ 2:11). ಅದು ಎಲ್ಲರ ಮುಂದೆ ನಡೆಯಿತು, ಏಕೆಂದರೆ ಯೆಹೂದ್ಯರಲ್ಲದ ಭಕ್ತರ ಜೊತೆ ಊಟ ಬಿಟ್ಟ ಪೇತ್ರನ ನಡತೆ ಎಲ್ಲರ ಮುಂದಿತ್ತು, ಪೌಲನ ಜೊತೆಗಾರ ಬಾರ್ನಬನಂಥವನೂ ಅವನ ಹಿಂದೆ ಹೋಗಿದ್ದ. ಧರ್ಮಸಭೆಯ ಕಾನೂನು ಸಂಹಿತೆಯ 212ನೇ ನಿಯಮವೂ ಸಭೆಯ ಒಳಿತಿಗೆ ಸಂಬಂಧಿಸಿದ ಅಭಿಪ್ರಾಯವನ್ನು ಸಭೆಯ ಪಾಲಕರಾದ ಗುರು, ಧರ್ಮಾಧ್ಯಕ್ಷರಿಗೆ ತಿಳಿಸುವುದು ಭಕ್ತರ ಹಕ್ಕು, ಕೆಲವೊಮ್ಮೆ ಕರ್ತವ್ಯ ಎನ್ನುತ್ತದೆ. ಗೌರವ ಕಳೆಯಬಾರದು ಎಂಬ ಷರತ್ತೂ ಅಲ್ಲೇ ಇದೆ. ಹಿರಿಯನನ್ನು ಗದರಿಸಬೇಡ, ತಂದೆಯೆಂದು ಭಾವಿಸಿ ಬೇಡಿಕೊ ಎನ್ನುತ್ತದೆ 1 ತಿಮೊಥೇಯ 5:1. ಸಹಿ ಇಲ್ಲದ ಅರ್ಜಿಯನ್ನು ಧರ್ಮಾಧ್ಯಕ್ಷರಿಗೆ ಕಳಿಸುವ ನಮ್ಮ ಚಾಳಿ ಇದ್ಯಾವುದಕ್ಕೂ ಹೊಂದುವುದಿಲ್ಲ.

ಪ್ರಶ್ನೆ: ನಾನೇ ಕುಡಿಯುತ್ತೇನೆ. ಕುಡಿಯುವ ಮಗನಿಗೆ ಯಾವ ಬಾಯಲ್ಲಿ ಹೇಳಲಿ?

ಉತ್ತರ: ಅದೇ ಬಾಯಲ್ಲಿ, ಆದರೆ ಪಕ್ಕದಲ್ಲಿ ಕೂತು. "ನಾನೂ ಇದರಲ್ಲಿ ಸಿಕ್ಕಿಬಿದ್ದಿದ್ದೇನೆ, ಇಬ್ಬರೂ ಬಿಡೋಣ" ಎನ್ನಬಹುದು. ಮೇಲೆ ನಿಂತು ಬೈಯಲು ಮಾತ್ರ ನಿಮಗೆ ನೆಲೆಯಿಲ್ಲ. ಮೊದಲು ಪಾಪನಿವೇದನೆಗೆ ಹೋಗಿ, ವ್ಯಸನಮುಕ್ತಿ ಕೇಂದ್ರಕ್ಕೂ.

ಪ್ರಶ್ನೆ: ನೆಂಟರೊಬ್ಬರು ಮನೆಯ ಚಿಕ್ಕ ಹುಡುಗಿಯ ಜೊತೆ ಕೆಟ್ಟದಾಗಿ ನಡೆದುಕೊಂಡಿದ್ದಾರೆ. ಮೊದಲು ಒಬ್ಬರೇ ಕರೆದು ಬುದ್ಧಿ ಹೇಳಿ ಎಂದು ಹಿರಿಯರು ಹೇಳುತ್ತಿದ್ದಾರೆ.

ಉತ್ತರ: ಬೇಡ. ಇಲ್ಲಿ ಮೂರು ಮೆಟ್ಟಿಲುಗಳ ಕ್ರಮ ಅನ್ವಯಿಸುವುದಿಲ್ಲ. ಇನ್ನೊಬ್ಬರಿಗೆ ಹಾನಿ ಮಾಡುವ ಗುಟ್ಟಿನ ಪಾಪವಾದರೆ, ಏಕಾಂತದ ಮಾತಿನಿಂದಲೇ ಅದು ನಿಲ್ಲುತ್ತದೆಂಬ ಖಾತ್ರಿ ಇಲ್ಲದ ಹೊರತು, ತಡಮಾಡದೆ ಹೊರಗೆಡವಬೇಕೆಂದು ಅಕ್ವಿನಾಸರೇ ಹೇಳಿದ್ದಾರೆ. ಮಕ್ಕಳ ವಿಷಯದಲ್ಲಿ ಆ ಖಾತ್ರಿಯನ್ನು ಯಾರೂ ಕೊಡಲಾರರು. ಏಕಾಂತದಲ್ಲಿ ಎಚ್ಚರಿಸಿದರೆ ಆತ ಹುಡುಗಿಯ ಬಾಯಿ ಮುಚ್ಚಿಸಲು ಸಮಯ ಸಿಗುತ್ತದೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿರುವುದು 21ನೇ ಕಲಮಿನಂತೆ ಅಪರಾಧ. ಮಕ್ಕಳ ಸಹಾಯವಾಣಿ 1098 ಅಥವಾ ತುರ್ತು ಸಂಖ್ಯೆ 112ಕ್ಕೆ ಇವತ್ತೇ ಕರೆಮಾಡಿ. ಹುಡುಗಿಯನ್ನು ಆ ಮನುಷ್ಯನಿಂದ ದೂರ ಇರಿಸಿ, ಏನಾಯಿತೆಂದು ಮತ್ತೆ ಮತ್ತೆ ಕೆದಕಿ ಕೇಳಬೇಡಿ. ಕುಟುಂಬದ ಮರ್ಯಾದೆ, ಕ್ಷಮೆ ಎಂಬ ಮಾತುಗಳಿಂದ ದೂರನ್ನು ತಡೆಯುವವರು ಶುಭಸಂದೇಶದ ಹೆಸರೆತ್ತದಿರಲಿ.

ಪ್ರಶ್ನೆ: ಎಲ್ಲವನ್ನೂ ಕ್ರಮವಾಗಿ ಮಾಡಿದೆ. ಗೆಳೆಯ ಕೇಳಲಿಲ್ಲ, ಮಾತೂ ಬಿಟ್ಟ. ಇನ್ನೇನು?

ಉತ್ತರ: ಹೇಳುವುದನ್ನು ನಿಲ್ಲಿಸಿ. ಹೇಳಿದಷ್ಟೂ ಹಟ ಬಲಿಯುವುದಾದರೆ ಬಿಟ್ಟುಬಿಡಬೇಕೆಂಬುದೇ ಧರ್ಮಸಭೆಯ ಹಳೆಯ ಬೋಧನೆ. ಅಧಿಕಾರದಲ್ಲಿರುವವರು ಶಿಕ್ಷಿಸಿಯಾದರೂ ತಡೆಯಬೇಕಾಗಬಹುದು, ಗೆಳೆಯನಿಗೆ ಆ ಹೊಣೆಯಿಲ್ಲ. ಸಭೆಯ ಮಾತನ್ನೂ ಕೇಳದವನನ್ನು "ಸುಂಕದವನಂತೆ ಎಣಿಸು" ಎಂದು ಮತ್ತಾಯ 18:17ರ ಕೊನೆಗೆ ಬರುವುದನ್ನು ಬಹಿಷ್ಕಾರವೆಂದು ಓದಿ ಅವನ ಮಗಳ ಮದುವೆಗೆ ಹೋಗದಿರಬೇಡಿ. ಆ ಮಾತನ್ನು ಬರೆದಿಟ್ಟ ಶುಭಸಂದೇಶದಲ್ಲಿ ಮತ್ತಾಯನೇ ಸುಂಕದವನು, ಯೇಸು ಅಂಥವರ ಜೊತೆ ಊಟಕ್ಕೆ ಕೂತವರು. ಎದುರು ಸಿಕ್ಕರೆ ನೀವೇ ಮೊದಲು ಮಾತಾಡಿಸಿ, ಹಳೆಯ ವಿಷಯ ಬಿಟ್ಟು.