ಯೆಲ್ಲೊಸ್ಟೋನ್‌ನ ಹಳೆಯ ಕಾಗದ

ಪ್ರಶ್ನೆ: ಅಮೆರಿಕದ ರಾಷ್ಟ್ರೀಯ ಉದ್ಯಾನಗಳು ಹೇಗೆ ಹುಟ್ಟಿದವು ಅಂತ ಅಲ್ಲಿನ ಹಳೆಯ ಸರ್ಕಾರಿ ದಾಖಲೆಗಳಲ್ಲೇ ಓದುವ ಆಸೆ. ನಾನು ಇತಿಹಾಸ ಓದಿದವಳಲ್ಲ. ಎಲ್ಲಿಂದ ಶುರು ಮಾಡಲಿ? ಕಾಯ್ದೆ ಓದಿದರೆ ಸಾಕಲ್ವಾ?

ಉತ್ತರ: ಕಾಯ್ದೆಯಿಂದಲೇ ಶುರು ಮಾಡಿ, ಆದರೆ ಅಲ್ಲಿಗೇ ನಿಲ್ಲಿಸಬೇಡಿ. 1872ರ ಮಾರ್ಚ್ 1ರಂದು ಅಧ್ಯಕ್ಷ ಗ್ರಾಂಟ್ ಸಹಿ ಹಾಕಿದ, ಅಲ್ಲಿನ ಮೊದಲ ರಾಷ್ಟ್ರೀಯ ಉದ್ಯಾನವನ್ನು ಹುಟ್ಟುಹಾಕಿದ ಯೆಲ್ಲೊಸ್ಟೋನ್ ಕಾಯ್ದೆ ತುಂಬ ಚಿಕ್ಕದು. ಕೂತಲ್ಲೇ ಓದಿ ಮುಗಿಸಬಹುದು. 'ರಾಷ್ಟ್ರೀಯ ಉದ್ಯಾನ' ಅನ್ನುವ ಮಾತೇ ಅದರಲ್ಲಿಲ್ಲ. ಜನರ ಸಂತೋಷಕ್ಕೆ ಮೀಸಲಿಟ್ಟ 'ಸಾರ್ವಜನಿಕ ಉದ್ಯಾನ' ಅಂತ ಮಾತ್ರ ಇದೆ. ಪ್ರಾಣಿಗಳ ಬಗ್ಗೆ ಇರುವುದು ಇಷ್ಟೇ: ಮೀನು, ಮಿಕಗಳನ್ನು ಬೇಕಾಬಿಟ್ಟಿ ಕೊಲ್ಲಬಾರದು, ಮಾರಿ ಲಾಭ ಮಾಡಲು ಹಿಡಿಯಬಾರದು. ಬೇಟೆಯಾಡಿದವರಿಗೆ ಸರಿಯಾದ ಶಿಕ್ಷೆ ಕೊಡುವ ಕಾಯ್ದೆ ಬಂದದ್ದು 1894ರಲ್ಲಿ. ನಡುವಿನ 22 ವರ್ಷ ಎಷ್ಟು ಪ್ರಾಣಿಗಳು ಹೋದವೋ ಅಂತ ನೆನೆದರೆ ನನಗೆ ಈಗಲೂ ಸಂಕಟವಾಗುತ್ತೆ.

ಗಡಿ ಹೇಳುವ ಭಾಗವನ್ನು ಮಾತ್ರ ಸುಮ್ನೆ ಓದಬೇಡಿ, ನಕ್ಷೆ ಬಿಡಿಸಿ ಇಟ್ಟುಕೊಳ್ಳಿ. ಗಾರ್ಡಿನರ್ ನದಿ ಯೆಲ್ಲೊಸ್ಟೋನ್ ನದಿಗೆ ಸೇರುವಲ್ಲಿ ಗೆರೆ ಹೊರಡುತ್ತದೆ. ಅಲ್ಲಿಂದ ಪೂರ್ವಕ್ಕೆ, ಯೆಲ್ಲೊಸ್ಟೋನ್ ಸರೋವರದ ಪೂರ್ವದ ತುದಿಯಿಂದ ಇನ್ನೂ 10 ಮೈಲಿ ಆಚೆಯ ರೇಖೆಯವರೆಗೆ. ಆಮೇಲೆ ದಕ್ಷಿಣಕ್ಕೆ, ಪಶ್ಚಿಮಕ್ಕೆ, ಮತ್ತೆ ಉತ್ತರಕ್ಕೆ. ನಾನು ಪೆನ್ಸಿಲ್ ಹಿಡಿದು ಎಳೆದು ನೋಡಿದೆ. ಬಂದದ್ದು ಒಂದು ಡಬ್ಬಿ! ಬಿಸಿನೀರಿನ ಬುಗ್ಗೆಗಳು, ಸರೋವರ ಎಲ್ಲ ಒಳಗೆ ಬಂದವು. ಆದರೆ ಚಳಿಗಾಲದಲ್ಲಿ ಎಲ್ಕ್ ಜಿಂಕೆಗಳು ಮೇವು ಹುಡುಕಿ ಇಳಿದು ಹೋಗುವ ಉತ್ತರದ ಕಣಿವೆ ಹೊರಗೇ ಉಳಿಯಿತು. ಬೆಟ್ಟ, ಹಿಮ, ಹುಲ್ಲು ನೋಡಿ ಎಳೆದ ಗೆರೆ ಅದಲ್ಲ.

ಇನ್ನೊಂದು ಸಾಲಿದೆ. ಈ ಗಡಿಯೊಳಗೆ ನೆಲೆಸುವವರೆಲ್ಲ ಅತಿಕ್ರಮಣದಾರರು, ಅವರನ್ನು ಹೊರಹಾಕಬೇಕು ಅಂತ. ಆ ಬೆಟ್ಟಗಳಲ್ಲಿ ಮೊದಲಿಂದಲೂ ಬದುಕಿದ್ದ ಟುಕುಡಿಕಾ ಜನರ ಹೆಸರು ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಯಾರ ಹೆಸರಿಲ್ಲ ಅನ್ನುವುದನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತಾ ಹೋಗಿ. ನನಗೆ ಜಾಸ್ತಿ ಕಲಿಸಿದ್ದು ಆ ಹಾಳೆ.

ಕಾಯ್ದೆ ಆದಮೇಲೆ ಜನರ ಅರ್ಜಿಗಳನ್ನು ಓದಿ. ಯೊಸೆಮಿಟಿ ಉದ್ಯಾನದೊಳಗಿನ ಹೆಚ್ ಹೆಚಿ ಕಣಿವೆಗೆ ಅಣೆಕಟ್ಟು ಬೇಡ ಅಂತ ಮಹಿಳಾ ಸಂಘಗಳವರು, ಚಾರಣದವರು, ದೂರದೂರದ ಊರಿನವರು ಸಂಸತ್ತಿಗೆ ಬರೆದರು. 1913ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ವಿಲ್ಸನ್ ಅಣೆಕಟ್ಟಿನ ಕಾಯ್ದೆಗೆ ಸಹಿ ಹಾಕಿದರು. ಕಣಿವೆ ಮುಳುಗಿತು. ಅರ್ಜಿಗಳು ಉಳಿದಿವೆ.

ಇವೆಲ್ಲ ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಅದರ ಕ್ಯಾಟಲಾಗ್ ಅಂತರ್ಜಾಲದಲ್ಲಿ ಉಚಿತ. ಉದ್ಯಾನ ಇಲಾಖೆಯ ಕಡತಗಳ ಗುಂಪಿನ ಸಂಖ್ಯೆ 79. ಮೊದಲು ಆ ಗಡಿಯ ಗೆರೆ ಎಳೆಯಿರಿ. ಏನು ಕಂಡಿತು ಅಂತ ನನಗೆ ಬರೆಯಿರಿ.