"ಅಮ್ಮಾ, ನಿಜ ಹೇಳು, ಸಾಂತಾ ಇದ್ದಾನಾ?"

ಪ್ರಶ್ನೆ: ಮೇಡಂ, ನನ್ನ ಮಗಳಿಗೆ ಎಂಟು ವರ್ಷ. ಪ್ರತಿ ಕ್ರಿಸ್‌ಮಸ್‌ಗೂ ಸಾಂತಾಗೆ ಪತ್ರ ಬರೆದು ಕಿಟಕಿಯ ಹತ್ತಿರ ಇಡುತ್ತಾಳೆ. ಬೆಳಿಗ್ಗೆ ಎದ್ದಾಗ ಉಡುಗೊರೆ ಇರುತ್ತದೆ. ಕಳೆದ ವಾರ ಅವಳ ಗೆಳತಿ, "ಸಾಂತಾ ಗೀಂತಾ ಯಾರೂ ಇಲ್ಲ, ಎಲ್ಲಾ ಅಪ್ಪ ಅಮ್ಮನೇ ಇಡೋದು" ಅಂದಳಂತೆ. ರಾತ್ರಿ ಮಲಗುವಾಗ ನನ್ನ ಕೈ ಹಿಡಿದುಕೊಂಡು, "ಅಮ್ಮಾ, ನಿಜ ಹೇಳು, ಸಾಂತಾ ಇದ್ದಾನಾ?" ಅಂತ ಕೇಳಿದಳು. ನನಗೆ ಮಾತೇ ಹೊರಡಲಿಲ್ಲ. "ನಾಳೆ ಹೇಳ್ತೀನಿ, ಮಲ್ಕೋ" ಅಂದೆ. ಆ ನಾಳೆಯನ್ನು ಮುಂದೂಡುತ್ತಲೇ ಇದ್ದೇನೆ. ನಿಜ ಹೇಳಿದರೆ ಅವಳ ಬಾಲ್ಯವನ್ನು ಕಿತ್ತುಕೊಂಡ ಹಾಗಾಗುತ್ತಾ? ಇಷ್ಟು ವರ್ಷ ಸುಳ್ಳು ಹೇಳಿದರು ಅಂತ ನಮ್ಮ ಮೇಲಿನ ನಂಬಿಕೆ ಹೋಗುತ್ತಾ? ಅವಳ ತಮ್ಮನಿಗೆ ಐದು ವರ್ಷ. ಅವನು ಇನ್ನೂ ಪೂರ್ತಿ ನಂಬಿದ್ದಾನೆ.
– ಹೆಸರು ಬೇಡ

ಉತ್ತರ: ಇವತ್ತು ರಾತ್ರಿಯೇ ಹೇಳಿಬಿಡಿ. ಕಾರಣ ನಿಮ್ಮ ಪತ್ರದಲ್ಲೇ ಇದೆ. ಅವಳು ಸುಮ್ನೆ "ಸಾಂತಾ ಇದ್ದಾನಾ?" ಅಂತ ಕೇಳಲಿಲ್ಲ. "ನಿಜ ಹೇಳು" ಅಂದಳು.

ನಾನು ಇಪ್ಪತ್ತಾರು ವರ್ಷ ಮೂರನೇ ತರಗತಿಯ ಮಕ್ಕಳಿಗೆ ಪಾಠ ಮಾಡಿದವಳು. ಆ ವಯಸ್ಸಿನ ಮಕ್ಕಳು ಎರಡು ಥರ ಪ್ರಶ್ನೆ ಕೇಳುತ್ತಾರೆ. "ಸಾಂತಾ ಒಂದೇ ರಾತ್ರಿಯಲ್ಲಿ ಅಷ್ಟು ಮನೆಗೆ ಹೇಗೆ ಹೋಗ್ತಾನೆ?" ಅನ್ನುವುದು ಆಟದೊಳಗಿನ ಪ್ರಶ್ನೆ. ಅದಕ್ಕೆ ಆಟದ ಉತ್ತರ ಕೊಡಬಹುದು, ಅಥವಾ "ನೀನೇ ಹೇಳು, ಹೇಗಿರಬಹುದು?" ಅಂತ ತಿರುಗಿ ಕೇಳಬಹುದು. ಮಗು ಖುಷಿಯಾಗಿ ಕಥೆ ಕಟ್ಟುತ್ತದೆ. "ನಿಜ ಹೇಳು" ಅನ್ನುವುದು ಆಟದಿಂದ ಹೊರಗೆ ಬಂದು ನಿಂತು ಕೇಳುವ ಪ್ರಶ್ನೆ. ಅದಕ್ಕೆ ಆಟದ ಉತ್ತರ ಕೊಡಬಾರದು. ಇದನ್ನು ನಾನು ಶಾಲೆಯಲ್ಲಿ ಕಲಿಯಲಿಲ್ಲ, ನನ್ನ ಮನೆಯಲ್ಲಿ ತಪ್ಪು ಮಾಡಿ ಕಲಿತೆ.

ನಮ್ಮ ಮನೆಯಲ್ಲಿ ಇದ್ದವಳು ಹಲ್ಲಿನ ಕಿನ್ನರಿ. ಮಗನ ಹಾಲುಹಲ್ಲು ಬಿದ್ದಾಗ ದಿಂಬಿನ ಕೆಳಗೆ ಇಡುತ್ತಿದ್ದ. ರಾತ್ರಿ ನಾನು ಹಲ್ಲು ತೆಗೆದುಕೊಂಡು ಒಂದು ನಾಣ್ಯ, ಒಂದು ಪುಟ್ಟ ಚೀಟಿ ಇಡುತ್ತಿದ್ದೆ. ಅಕ್ಷರ ಗೊತ್ತಾಗಬಾರದು ಅಂತ ಎಡಗೈಯಲ್ಲಿ ಬರೆಯುತ್ತಿದ್ದೆ. ಅವನಿಗೆ ಏಳು ವರ್ಷವಾದಾಗ ಐದನೇ ಹಲ್ಲು ಬಿತ್ತು. ಮಾರನೇ ದಿನ ಎರಡು ಚೀಟಿ ಹಿಡಿದುಕೊಂಡು ಅಡುಗೆಮನೆಗೆ ಬಂದ. ಒಂದು ಕಿನ್ನರಿಯದು, ಇನ್ನೊಂದು ನಾನು ಬರೆದ ಸಾಮಾನಿನ ಪಟ್ಟಿ. ಎರಡನ್ನೂ ಅಕ್ಕಪಕ್ಕ ಇಟ್ಟು, "ಅಮ್ಮಾ, ಈ 'ಳ' ನೋಡು. ಎರಡಕ್ಕೂ ಬಾಲ ಒಂದೇ ಥರ ಇದೆ. ನೀನೇ ಬರೆದಿದ್ದಲ್ವಾ? ನಿಜ ಹೇಳು" ಅಂದ.

ನಾನು ನಗುತ್ತಾ, "ಕಿನ್ನರಿ ನನ್ನ ಅಕ್ಷರ ನೋಡಿ ಕಲಿತಿರಬೇಕು ಕಣೋ" ಅಂದುಬಿಟ್ಟೆ.

ಅವನು ವಾದ ಮಾಡಲಿಲ್ಲ. ಎರಡೂ ಚೀಟಿ ಮಡಚಿ ಪೆನ್ಸಿಲ್ ಡಬ್ಬಿಯೊಳಗೆ ಇಟ್ಟುಕೊಂಡ. ಆಮೇಲೆ ಒಂದು ದಿನ ಇಂಜೆಕ್ಷನ್ ಕೊಡಿಸಲು ಕರೆದುಕೊಂಡು ಹೋಗಿದ್ದೆ. "ಜಾಸ್ತಿ ನೋವಾಗಲ್ಲ, ಇರುವೆ ಕಚ್ಚಿದ ಹಾಗೆ ಅಷ್ಟೆ" ಅಂದೆ. ಅವನು ನನ್ನ ಮುಖ ನೋಡಿ ಕೇಳಿದ: "ಇದು ನಿಜವಾ, ಇಲ್ಲಾ ಹಲ್ಲಿನ ಥರವಾ?"

ಆ ಮಾತು ಎದೆಗೆ ನಾಟಿತು. ಎರಡು ವರ್ಷ ಕಿನ್ನರಿಯ ಕಥೆ ಹೇಳಿದ್ದು ಅವನ ನಂಬಿಕೆ ಕೆಡಿಸಿರಲಿಲ್ಲ. ಅವನು ತನ್ನ ಕಣ್ಣಿನಿಂದಲೇ ಕಂಡುಹಿಡಿದದ್ದನ್ನು ನಾನು ಅಲ್ಲ ಅಂದೆನಲ್ಲ, ಅದು ಕೆಡಿಸಿತ್ತು. ಅಷ್ಟು ಚೆನ್ನಾಗಿ ಯೋಚಿಸಿ, ಸಾಕ್ಷಿ ಹುಡುಕಿ ತಂದ ಮಗುವಿಗೆ "ನೀನು ನೋಡಿದ್ದು ಸರಿ ಇಲ್ಲ" ಅಂದ ಹಾಗಾಯಿತು.

ಅವತ್ತು ರಾತ್ರಿ ಎಲ್ಲ ಹೇಳಿದೆ. ಅಳುತ್ತಾನೆ ಅಂದುಕೊಂಡಿದ್ದೆ. ಅವನು ಅಳಲಿಲ್ಲ, ಪ್ರಶ್ನೆಗಳ ಮಳೆ ಸುರಿಸಿದ. ದಿಂಬಿನ ಕೆಳಗೆ ಕೈ ಹಾಕಿದರೂ ನನಗೆ ಯಾಕೆ ಎಚ್ಚರ ಆಗಲಿಲ್ಲ? ನೀನು ಎಷ್ಟು ಹೊತ್ತಿಗೆ ಬರ್ತಿದ್ದೆ? ಅಪ್ಪನಿಗೂ ಗೊತ್ತಿತ್ತಾ? ಹಲ್ಲೆಲ್ಲ ಎಲ್ಲಿ ಹೋಯ್ತು? ಬೀರುವಿನಿಂದ ಚಿಕ್ಕ ಡಬ್ಬಿ ತೆಗೆದು ಐದೂ ಹಲ್ಲು ತೋರಿಸಿದೆ. ಒಂದೊಂದನ್ನೂ ಅಂಗೈ ಮೇಲೆ ಇಟ್ಟುಕೊಂಡು ನೋಡಿದ. ಸ್ಪೇನ್ ದೇಶದಲ್ಲಿ ಕಿನ್ನರಿಯ ಬದಲು ಪೆರೆಸ್ ಅನ್ನುವ ಇಲಿ ಹಲ್ಲು ತೆಗೆದುಕೊಂಡು ಹೋಗುತ್ತದೆ, 1894ರಲ್ಲಿ ಎಂಟು ವರ್ಷದ ರಾಜ 13ನೇ ಅಲ್ಫೊನ್ಸೊನ ಹಲ್ಲು ಬಿದ್ದಾಗ ಲೂಯಿಸ್ ಕೊಲೋಮಾ ಅನ್ನುವ ಪಾದ್ರಿ ಅವನಿಗಾಗಿ ಆ ಇಲಿಯ ಕಥೆ ಬರೆದರು ಅಂತ ಹೇಳಿದೆ. "ರಾಜನಿಗೂ ಹೀಗೇ ಮಾಡಿದ್ರಾ!" ಅಂತ ಅವನಿಗೆ ಎಷ್ಟು ಖುಷಿಯಾಯಿತು ಅಂತೀರಿ!

ಇದು ನನ್ನ ಮಗನೊಬ್ಬನ ಕಥೆಯಲ್ಲ. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸಾಂತಾ ಮೇಲಿನ ನಂಬಿಕೆ ಬಿಟ್ಟ 52 ಮಕ್ಕಳನ್ನು ಮಾತಾಡಿಸಿದ್ದರು. ಅವರಲ್ಲಿ ಹೆಚ್ಚಿನವರು ಏಳು ವರ್ಷದ ಸುಮಾರಿಗೆ ತಾವಾಗಿಯೇ ಕಂಡುಕೊಂಡಿದ್ದರು. ಗೊತ್ತಾದಾಗ ಹೇಗನಿಸಿತು ಅಂದರೆ ಬಹುಪಾಲು ಒಳ್ಳೆಯದನ್ನೇ ಹೇಳಿದರು. ಬೇಸರ ಜಾಸ್ತಿ ಇದ್ದದ್ದು ಅಪ್ಪ ಅಮ್ಮಂದಿರಲ್ಲಿ. ನಿಮ್ಮ ಪತ್ರ ಓದುವಾಗ ನನಗೆ ಅದೇ ಕಂಡಿತು. ಆ ಬೇಸರ ನಿಮ್ಮದು, ಅದು ತಪ್ಪೂ ಅಲ್ಲ. ಆದರೆ ಅದನ್ನು ಮಗಳ ಮೇಲೆ ಹೊರಿಸಬೇಡಿ.

1897ರಲ್ಲಿ ನ್ಯೂಯಾರ್ಕ್‌ನ ವರ್ಜೀನಿಯಾ ಎಂಬ ಎಂಟು ವರ್ಷದ ಹುಡುಗಿ 'ದಿ ಸನ್' ಪತ್ರಿಕೆಗೆ ಇದೇ ಪ್ರಶ್ನೆ ಬರೆದಿದ್ದಳು. ಅವಳೂ ನಿಜ ಹೇಳಿ ಅಂತಲೇ ಕೇಳಿದ್ದಳು. ಪ್ರೀತಿ, ಔದಾರ್ಯ ಇರುವ ಹಾಗೆ ಸಾಂತಾ ಕೂಡ ಇದ್ದಾನೆ ಅಂತ ಪತ್ರಿಕೆ ಸಂಪಾದಕೀಯದಲ್ಲಿ ಉತ್ತರ ಕೊಟ್ಟಿತು. ಜಗತ್ತು ಇವತ್ತಿಗೂ ಅದನ್ನು ಮೆಚ್ಚಿ ಓದುತ್ತದೆ. ಮುಂದೆ ಶಿಕ್ಷಕಿಯಾದ ವರ್ಜೀನಿಯಾ ಕೂಡ ಅದನ್ನು ಕೊನೆಯವರೆಗೂ ಪ್ರೀತಿಯಿಂದಲೇ ನೆನೆದರು. ಆದರೂ ನನಗೆ ಅದು ಒಪ್ಪಿಗೆಯಿಲ್ಲ. ಅದು ದೊಡ್ಡವರ ಮನಸ್ಸಿಗೆ ಹಿತವಾಗುವ ಉತ್ತರ. ಅಪ್ಪ ಅಮ್ಮನೇ ಇಡುವುದಾ ಅಂತ ತಿಳಿಯಬೇಕಾದ ಮಗುವಿಗೆ ಹೌದು ಅಥವಾ ಇಲ್ಲ ಬೇಕು.

ಹಾಗಾಗಿ ನೇರವಾಗಿ ಹೇಳಿ: "ಹೌದು ಪುಟ್ಟಿ, ನಾವೇ ಇಡ್ತಿದ್ವಿ. ನೀನು ಸರಿಯಾಗೇ ಕಂಡುಹಿಡಿದೆ." ಆಮೇಲೆ ಸುಮ್ಮನಿರಿ. ಅವಳು ಅತ್ತರೆ ಅಳಲಿ, ಪಕ್ಕದಲ್ಲಿರಿ. ಹಾಗಾದರೆ ಈ ಕಥೆ ಮಾಡಿದ್ದು ಯಾರು ಅಂತ ಕೇಳಿಯೇ ಕೇಳುತ್ತಾಳೆ. ಅಲ್ಲಿ ಹೇಳಲು ಬೇಕಾದಷ್ಟಿದೆ. ನಿಕೋಲಸ್ ಅನ್ನುವ ಬಿಷಪ್ ಸುಮಾರು 1,700 ವರ್ಷದ ಹಿಂದೆ ಈಗಿನ ಟರ್ಕಿಯ ಮೈರಾ ಊರಿನಲ್ಲಿದ್ದರು. ಬಡವರ ಮನೆಗೆ ರಾತ್ರಿ ಯಾರಿಗೂ ಕಾಣದಂತೆ ಹಣ ಹಾಕಿದರು ಅಂತ ಅವರ ಬಗ್ಗೆ ಕಥೆಯಿದೆ. ಡಚ್ಚರ ಬಾಯಲ್ಲಿ ಅವರು ಸಿಂಟರ್‌ಕ್ಲಾಸ್ ಆದರು, ಅಮೆರಿಕಕ್ಕೆ ಹೋಗಿ ಸಾಂತಾ ಕ್ಲಾಸ್ ಆದರು. ಗಾಡಿಗೆ ಎಂಟು ಹಿಮಸಾರಂಗ ಕಟ್ಟಿದ್ದು 1823ರ ಒಂದು ಕವಿತೆ. ಗಡ್ಡ, ದೊಡ್ಡ ಹೊಟ್ಟೆ ಎಲ್ಲ ನಮ್ಮ ಕಣ್ಣಲ್ಲಿ ನಿಂತದ್ದು ಹೆಚ್ಚಾಗಿ ಥಾಮಸ್ ನ್ಯಾಸ್ಟ್ 1863ರಿಂದ ಬಿಡಿಸುತ್ತಾ ಬಂದ ಚಿತ್ರಗಳಿಂದ. ಸುಳ್ಳು ಅಂತ ಬಿಟ್ಟುಹೋಗುವ ಬದಲು ಕಥೆ ಹೇಗೆ ಬೆಳೆಯಿತು ಅಂತ ನೋಡುವ ಖುಷಿ ಅವಳಿಗೆ ಸಿಗಲಿ.

ತಮ್ಮನ ವಿಷಯ. "ಅವನಿಗೆ ಹೇಳಿಬಿಟ್ಟರೆ ನೋಡು" ಅಂತ ಅವಳನ್ನು ಹೆದರಿಸಬೇಡಿ. ಅವನ ಹತ್ತಿರ ಸುಳ್ಳು ಹೇಳುವ ಕೆಲಸವನ್ನೂ ಕೊಡಬೇಡಿ. ಅವನು ಕೇಳಿದರೆ "ಅಮ್ಮನ್ನ ಕೇಳು" ಅಂದರೆ ಸಾಕು ಅಂತ ಹೇಳಿಕೊಡಿ. ಈ ಸಲ ಅವನ ಉಡುಗೊರೆ ಬಚ್ಚಿಡುವ ಜಾಗ ಅವಳೇ ಹುಡುಕಲಿ. ಇನ್ನೊಂದು: ಅವಳು ಕಿಟಕಿಯಲ್ಲಿಟ್ಟ ಹಳೇ ಪತ್ರಗಳನ್ನು ನೀವು ಎತ್ತಿಟ್ಟಿದ್ದರೆ ಅವತ್ತೇ ತೋರಿಸಿ.

ಪ್ರಶ್ನೆ: ಆರು ವರ್ಷದ ಮಗನಿಗೆ "ಸಾಂತಾ ನೋಡ್ತಿದ್ದಾನೆ, ಹಟ ಮಾಡಿದರೆ ಈ ಸಲ ಏನೂ ತರಲ್ಲ" ಅನ್ನುತ್ತೇವೆ. ಕೂಡಲೇ ಹೇಳಿದ ಮಾತು ಕೇಳುತ್ತಾನೆ. ಹೀಗೆ ಹೇಳುವುದರಲ್ಲಿ ತಪ್ಪಿದೆಯಾ?
– ಒಬ್ಬ ತಂದೆ

ಉತ್ತರ: ತಪ್ಪಿದೆ. ನಿಲ್ಲಿಸಿ. ಐಸ್‌ಲ್ಯಾಂಡ್‌ನ ಜಾನಪದದಲ್ಲಿ ಕ್ರಿಸ್‌ಮಸ್‌ಗೆ ಮುಂಚೆ ಹದಿಮೂರು ಜನ ತುಂಟರು ದಿನಕ್ಕೊಬ್ಬರಂತೆ ಬರುತ್ತಾರೆ. ಕಿಟಕಿಯಲ್ಲಿಟ್ಟ ಬೂಟಿನೊಳಗೆ ಒಳ್ಳೆಯ ಮಕ್ಕಳಿಗೆ ಉಡುಗೊರೆ, ಹಟಮಾರಿಗಳಿಗೆ ಆಲೂಗಡ್ಡೆ ಹಾಕಿ ಹೋಗುತ್ತಾರೆ. ಹೆದರಿಸುವುದು ಹೊಸದೇನಲ್ಲ ಅಂತ ನನಗೂ ಗೊತ್ತು. ಆದರೆ ನೀವು ಉಡುಗೊರೆ ಇಟ್ಟೇ ಇಡುತ್ತೀರಿ, ಹಾಗಾಗಿ ಅದು ಹುಸಿ ಬೆದರಿಕೆ ಅಂತ ಒಂದೆರಡು ವರ್ಷದಲ್ಲೇ ಅವನಿಗೆ ತಿಳಿಯುತ್ತದೆ. ಅಲ್ಲಿಯವರೆಗೆ ಯಾರೋ ಸದಾ ನೋಡುತ್ತಿದ್ದಾರೆ ಅನ್ನುವ ಅಳುಕು ಮಾತ್ರ ಉಳಿಯುತ್ತದೆ. ಹಟ ಮಾಡಬೇಡ ಅಂತ ಹೇಳಬೇಕಾದವರು ನೀವು. ನಿಮ್ಮ ಬಾಯಿಂದಲೇ ಹೇಳಿ.

ಪ್ರಶ್ನೆ: ನನಗೆ ಈಗ 24 ವರ್ಷ. ಹನ್ನೊಂದರವರೆಗೂ ಸಾಂತಾನನ್ನು ನಂಬಿದ್ದೆ. ಐದನೇ ತರಗತಿಯಲ್ಲಿ ಟೀಚರ್ ಒಬ್ಬರು ಎಲ್ಲರ ಮುಂದೆ, "ಇಷ್ಟು ದೊಡ್ಡವಳಾಗಿ ಇನ್ನೂ ನಂಬ್ತೀಯಾ?" ಅಂದರು. ಇಡೀ ಕ್ಲಾಸ್ ನಕ್ಕಿತು. ನಾನು ಅಷ್ಟು ದಡ್ಡಿಯಾಗಿದ್ದೆನಾ ಅಂತ ಇವತ್ತಿಗೂ ಕಾಡುತ್ತದೆ.
– ಓದುಗಿ

ಉತ್ತರ: ಮೊದಲು ಒಬ್ಬ ಟೀಚರ್ ಆಗಿ ಹೇಳುತ್ತೇನೆ. ಅವರು ಮಾಡಿದ್ದು ತಪ್ಪು. ಮಗುವನ್ನು ಪಕ್ಕಕ್ಕೆ ಕರೆದು ಹೇಳಬಹುದಾಗಿತ್ತು, ಅಥವಾ ಸುಮ್ಮನಿರಬಹುದಾಗಿತ್ತು.

ನೀವು ದಡ್ಡಿಯಲ್ಲ ತಾಯಿ. ಮಕ್ಕಳು ಕಣ್ಣಿಗೆ ಕಾಣದ ಎಷ್ಟೋ ಸಂಗತಿಗಳನ್ನು ದೊಡ್ಡವರ ಮಾತಿನ ಮೇಲೆ ನಂಬುತ್ತಾರೆ. ರೋಗಾಣು ಇದೆ ಅಂದರೆ ಕೈ ತೊಳೆಯುತ್ತಾರೆ. ಅವರೇನು ರೋಗಾಣು ನೋಡಿದ್ದಾರಾ? ಅಮೆರಿಕದ ಟೆಕ್ಸಾಸ್‌ನ ಸಂಶೋಧಕರು ಮಿಠಾಯಿ ಮಾಟಗಾತಿ ಅನ್ನುವ ಹೊಸ ಪಾತ್ರ ಹುಟ್ಟುಹಾಕಿ ಪುಟ್ಟ ಮಕ್ಕಳಿಗೆ ಹೇಳಿದರು. ರಾತ್ರಿ ಬಂದು ಮಿಠಾಯಿ ತೆಗೆದುಕೊಂಡು ಆಟಿಕೆ ಇಟ್ಟು ಹೋಗುತ್ತಾಳೆ ಅಂತ. 2004ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಎಷ್ಟೋ ಮಕ್ಕಳು ಅವಳನ್ನು ನಂಬಿದರು. ದೊಡ್ಡವರು ಹೇಳಿದ್ದರು, ಕೆಲವರ ಮನೆಯಲ್ಲಿ ಬೆಳಿಗ್ಗೆ ಆಟಿಕೆಯೂ ಇತ್ತು. ನಂಬದೆ ಇನ್ನೇನು ಮಾಡುತ್ತಾರೆ?

ಸಾಂತಾ ವಿಷಯದಲ್ಲಂತೂ ಜಗತ್ತೇ ಸೇರಿ ಸಾಕ್ಷಿ ಒದಗಿಸುತ್ತದೆ. ಕೆನಡಾದ ಅಂಚೆ ಇಲಾಖೆ ಸಾಂತಾಗೆ ಬೇರೆ ಪಿನ್ ಕೋಡ್ ಕೊಟ್ಟು, ಮಕ್ಕಳ ಪತ್ರಗಳಿಗೆ ಉತ್ತರ ಕಳಿಸುತ್ತದೆ. ಅಮೆರಿಕ, ಕೆನಡಾ ಎರಡೂ ಸೇರಿ ನಡೆಸುವ ವಾಯುರಕ್ಷಣಾ ಕೇಂದ್ರ ಕ್ರಿಸ್‌ಮಸ್ ಹಿಂದಿನ ರಾತ್ರಿ ಸಾಂತಾ ಈಗ ಎಲ್ಲಿದ್ದಾನೆ ಅಂತ ತಿಳಿಸುತ್ತದೆ. ಅದು 1955ರಲ್ಲಿ ಶುರುವಾದ ಪದ್ಧತಿ. ಇಷ್ಟೆಲ್ಲದರ ಎದುರು ಹನ್ನೊಂದು ವರ್ಷದ ಹುಡುಗಿ ನಂಬಿದ್ದರಲ್ಲಿ ನಾಚಿಕೆ ಪಡುವುದು ಏನಿದೆ? ನಿಮ್ಮ ಮನೆಯವರು ಅಷ್ಟು ಜಾಗ್ರತೆಯಿಂದ ಮಾಡಿದ್ದರು ಅಂತ ನನಗನಿಸುತ್ತದೆ.

ನೀವು ಆ ಕ್ಲಾಸಿನಲ್ಲಿ ನಡೆದದ್ದನ್ನು ಮನೆಯಲ್ಲಿ ಹೇಳಿಕೊಂಡಿರಾ? ನಿಮ್ಮ ಪತ್ರದಲ್ಲಿ ಅದಿಲ್ಲ. ಹೇಳಿಲ್ಲವಾದರೆ ಈಗ ಹೇಳಿ. ಹಾಗೇ ನನ್ನ ಮಗ ಕೇಳಿದ ಪ್ರಶ್ನೆಗಳನ್ನೂ ಕೇಳಿ: ಎಲ್ಲಿ ಬಚ್ಚಿಡುತ್ತಿದ್ದಿರಿ, ಎಷ್ಟು ಹೊತ್ತಿಗೆ ಬರುತ್ತಿದ್ದಿರಿ, ಯಾವತ್ತಾದರೂ ಸಿಕ್ಕಿಬೀಳುವುದರಲ್ಲಿದ್ದಿರಾ? ಅವರು ಏನು ಹೇಳಿದರು ಅಂತ ನನಗೆ ಇನ್ನೊಂದು ಪತ್ರ ಬರೆಯಿರಿ. ಕಾಯುತ್ತಿರುತ್ತೇನೆ.