ಮೊದಲ ದಿನ ಬರೆಯುವುದು ‘ದತ್ತ’ ಮಾತ್ರ

ಪತ್ರ: ನಾನು ಹಾವೇರಿ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಗಣಿತ ಶಿಕ್ಷಕಿ, ವಯಸ್ಸು 41. ಅಪ್ಪ ತೀರಿಕೊಂಡು ಒಂದೂವರೆ ವರ್ಷವಾಯಿತು. ಇಂದಿಗೂ ಸರಿಯಾಗಿ ನಿದ್ದೆಯಿಲ್ಲ. ಕಪ್ಪುಹಲಗೆಯ ಮುಂದೆ ಲೆಕ್ಕದ ನಡುವೆ ಮರೆತು ನಿಲ್ಲುತ್ತೇನೆ. ನಮ್ಮ ವೈದ್ಯರು ಹುಬ್ಬಳ್ಳಿಯಲ್ಲಿ ಥೆರಪಿ ಕೊಡುವ ಮನಶ್ಶಾಸ್ತ್ರಜ್ಞೆಯೊಬ್ಬರ ಹತ್ತಿರ ಹೋಗಲು ಹೇಳಿದ್ದಾರೆ. ಬರುವ ಶನಿವಾರ ಮೊದಲ ಭೇಟಿ. ಹೇಳಬೇಕಾದ್ದನ್ನು ಎರಡು ಹಾಳೆ ಬರೆದು ಬಾಯಿಪಾಠ ಮಾಡುತ್ತಿದ್ದೇನೆ. ಅಲ್ಲಿ ಏನು ಕೇಳುತ್ತಾರೆ? ಅತ್ತುಬಿಟ್ಟರೆ? ವಿಷಯ ಶಾಲೆಗೆ ತಿಳಿದರೆ? ನಮ್ಮ ಅತ್ತೆಯವರು ‘ದೇವರ ಮುಂದೆ ಕೂತು ಹೇಳಿಕೊಂಡರೆ ಸಾಲದೇ?’ ಎನ್ನುತ್ತಾರೆ.
(ಹೆಸರು ಬೇಡ)

ಸಂಪಾದಕರ ಉತ್ತರ:

ಸೋದರಿ, ಮೊದಲು ಆ ಬಾಯಿಪಾಠ ನಿಲ್ಲಿಸಿ. ಪ್ರಮೇಯ ಸಾಧಿಸುವಾಗ ನೀವು ಮಕ್ಕಳಿಂದ ಮೊದಲು ಗೊತ್ತಿರುವ ‘ದತ್ತ’ ಬರೆಸುತ್ತೀರಿ, ಆಮೇಲೆ ಸಾಧಿಸಬೇಕಾದ ‘ಸಾಧನೀಯ’. ಮೊದಲ ಭೇಟಿಯಲ್ಲಿ ನಡೆಯುವುದು ಹೆಚ್ಚುಕಡಿಮೆ ದತ್ತ ಬರೆಯುವ ಕೆಲಸ. ನಿದ್ದೆ ಎಷ್ಟು ಗಂಟೆ, ಊಟ ಸೇರುತ್ತದೆಯೇ, ಮನೆಯಲ್ಲಿ ಯಾರ್ಯಾರಿದ್ದಾರೆ, ಥೈರಾಯ್ಡ್ ತೊಂದರೆ ಇದೆಯೇ, ಯಾವ ಮಾತ್ರೆ ನುಂಗುತ್ತೀರಿ, ಹಿಂದೆಂದಾದರೂ ಹೀಗಾಗಿತ್ತೇ. ‘ಸಾಯಬೇಕು ಅನ್ನಿಸಿದೆಯೇ?’ ಎಂದೂ ಕೇಳಬಹುದು. ಬೆಚ್ಚಬೇಡಿ, ನಿಮ್ಮ ಮೇಲೆ ಅನುಮಾನ ಬಂದು ಕೇಳುವುದಲ್ಲ, ಬಂದವರನ್ನೆಲ್ಲ ಕೇಳುವುದು ವಾಡಿಕೆ. ಇದ್ದದ್ದನ್ನು ಇದ್ದಂತೆ ಹೇಳಿ. ಇದೆಲ್ಲ ಸುಮಾರು 45ರಿಂದ 60 ನಿಮಿಷ. ನಿಮಗೆ ಏನಾಗಬೇಕಿದೆ ಎಂಬ ಸಾಧನೀಯವನ್ನು ಮುಂದಿನ ಭೇಟಿಗಳಲ್ಲಿ ಇಬ್ಬರೂ ಕೂಡಿ ಗೊತ್ತುಮಾಡಿಕೊಳ್ಳುತ್ತೀರಿ. ಶನಿವಾರ ಸಂಜೆಯೇ ಉತ್ತರ ಸಿಗಲಿಲ್ಲವೆಂದು ಬೇಸರಪಡಬೇಡಿ.

ನನ್ನದೊಂದು ಅನುಭವ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಾನೂ ಇಂಥ ಕುರ್ಚಿಯಲ್ಲಿ ಕುಳಿತಿದ್ದೆ. ಪತ್ರಕರ್ತನ ಚಾಳಿ ನೋಡಿ, ಮೊದಲ ಅರ್ಧ ಗಂಟೆ ನಾನೇ ಎದುರಿಗಿದ್ದ ಮನಶ್ಶಾಸ್ತ್ರಜ್ಞರ ಸಂದರ್ಶನ ಮಾಡಿದೆ: ಎಲ್ಲಿ ಓದಿದಿರಿ, ಎಷ್ಟು ಜನ ಬರುತ್ತಾರೆ, ಅವರೆಲ್ಲ ಗುಣವಾಗುತ್ತಾರೆಯೇ. ಅವರು ಎಲ್ಲಕ್ಕೂ ಉತ್ತರ ಕೊಟ್ಟು, ‘ಈಗ ನಿಮ್ಮ ಸುದ್ದಿ ಹೇಳಿ’ ಎಂದರು. ನಾನು ‘ಡಿಪ್ರೆಶನ್ ಇರಬಹುದು’ ಎಂದೆ. ‘ಆ ಪದ ಬಿಡಿ, ಬೆಳಿಗ್ಗೆ ಎದ್ದಾಗ ಹೇಗಿರುತ್ತದೆ?’ ಎಂದು ಕೇಳಿದರು. ಎದೆಯ ಮೇಲೆ ಒರಳುಕಲ್ಲು ಇಟ್ಟಂತೆ ಇರುತ್ತದೆ ಎಂದೆ. ಅಲ್ಲಿಂದ ಮಾತು ಶುರುವಾಯಿತು. ನೀವೂ ಅಷ್ಟೇ. ರೋಗದ ಹೆಸರು ಹುಡುಕುವುದು ಬೇಡ. ಹೊಟ್ಟೆಯಲ್ಲಿ ಕಿವುಚಿದಂತಾಗುತ್ತದೆ, ತಲೆ ಧಿಮ್ಮೆನ್ನುತ್ತದೆ, ಯಾರೊಡನೆಯೂ ಮಾತು ಬೇಡವೆನ್ನಿಸುತ್ತದೆ ಎಂದು ಮನೆಯಲ್ಲಿ ಹೇಳುವ ಮಾತಿನಲ್ಲೇ ಹೇಳಿ. ಹುಬ್ಬಳ್ಳಿಯಲ್ಲಿ ಕುಳಿತವರಿಗೆ ಅದು ಯಾವ ಇಂಗ್ಲಿಷ್ ಪದಕ್ಕಿಂತಲೂ ಚೆನ್ನಾಗಿ ಅರ್ಥವಾಗುತ್ತದೆ.

ಅಳು ಬಂದರೆ ಅಳಿ. ವರ್ಷಾಂತಿಕ ಮುಗಿದ ಮೇಲೆ ಅಳುವುದಕ್ಕೆ ನಮ್ಮ ಮನೆಗಳಲ್ಲಿ ಪರವಾನಗಿ ಇರುವುದಿಲ್ಲ. ಅಲ್ಲಿ ಇದೆ. ಕಾಗದದ ಕರವಸ್ತ್ರದ ಡಬ್ಬಿಯನ್ನು ಮೇಜಿನ ಮೇಲೆ ಸುಮ್ಮನೆ ಇಟ್ಟಿರುವುದಿಲ್ಲ.

ಶಾಲೆಯ ವಿಚಾರ. 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಗೋಪ್ಯತೆಯನ್ನು ನಿಮ್ಮ ಹಕ್ಕು ಎಂದಿದೆ. ಪ್ರಾಣಾಪಾಯದಂಥ ಕೆಲವು ಸಂದರ್ಭ ಬಿಟ್ಟರೆ ನಿಮ್ಮ ಒಪ್ಪಿಗೆಯಿಲ್ಲದೆ ಮುಖ್ಯೋಪಾಧ್ಯಾಯರಿಗಿರಲಿ, ಯಜಮಾನರಿಗೂ ಹೇಳುವಂತಿಲ್ಲ. ಆ ‘ಕೆಲವು ಸಂದರ್ಭ’ ಯಾವುವು ಎಂದು ಮೊದಲ ದಿನವೇ ಕೇಳಿ, ತಪ್ಪು ತಿಳಿಯುವುದಿಲ್ಲ. ಅವರ ವಿದ್ಯಾರ್ಹತೆಯನ್ನೂ ಕೇಳಿ. ಮಾತ್ರೆ ಬರೆಯುವವರು ಮನೋವೈದ್ಯರು. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಮಾತ್ರೆ ಕೊಡುವುದಿಲ್ಲ, ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರುತ್ತದೆ. ‘ಕೌನ್ಸೆಲರ್’ ಎಂಬ ಫಲಕವನ್ನು ಮಾತ್ರ ನಾಲ್ಕು ದಿನದ ತರಬೇತಿ ಪಡೆದವರೂ ತೂಗುಹಾಕುತ್ತಾರೆ.

ಹಿಂದಿರುಗುವಾಗ ಹಗುರವಾಗಿಯೇ ಇರುತ್ತೀರಿ ಎಂದು ನಾನು ಭರವಸೆ ಕೊಡಲಾರೆ. ಮುಚ್ಚಿಟ್ಟದ್ದನ್ನು ತೆರೆದ ದಿನ ದಣಿವಾಗುತ್ತದೆ, ಕೆಲವೊಮ್ಮೆ ಸಂಕಟ ಹೆಚ್ಚಿದಂತೆಯೂ ಅನ್ನಿಸುತ್ತದೆ. ಶನಿವಾರ ಸಂಜೆ ಮನೆಪಾಠ ಇಟ್ಟುಕೊಳ್ಳಬೇಡಿ. ಮೂರ್ನಾಲ್ಕು ಸಲ ಹೋದ ಮೇಲೂ ಮನಸ್ಸು ಕೂಡದಿದ್ದರೆ ಅವರಿಗೇ ಹಾಗೆಂದು ತಿಳಿಸಿ ಬೇರೆಯವರನ್ನು ನೋಡಬಹುದು. ಖರ್ಚು ಭಾರವೆನಿಸಿದರೆ ಧಾರವಾಡದಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ನಿದ್ದೆ ಬಾರದ ರಾತ್ರಿ ತೀರಾ ಕಷ್ಟವಾದರೆ 14416ಕ್ಕೆ ಕರೆ ಮಾಡಿ. ಅದು 2022ರಲ್ಲಿ ಆರಂಭವಾದ ಟೆಲಿ ಮನಸ್ ಸಹಾಯವಾಣಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಅತ್ತೆಯವರೊಡನೆ ವಾದಕ್ಕಿಳಿಯಬೇಡಿ. ದೇವರಿಗೂ ಹೇಳಿಕೊಳ್ಳಿ. ದೇವರು ಮರುಪ್ರಶ್ನೆ ಕೇಳುವುದಿಲ್ಲ, ಇವರು ಕೇಳುತ್ತಾರೆ, ವ್ಯತ್ಯಾಸ ಅಷ್ಟೇ.

ಆ ಎರಡು ಹಾಳೆಗಳನ್ನು ಹರಿಯಬೇಡಿ, ವೈದ್ಯರ ಚೀಟಿಯ ಜೊತೆ ಚೀಲದಲ್ಲಿರಲಿ. ಬಾಯಿ ಕಟ್ಟಿದರೆ ಅವನ್ನೇ ಅವರ ಕೈಗೆ ಕೊಟ್ಟು, ಓದಿ ಮುಗಿಸುವವರೆಗೆ ಕಿಟಕಿಯ ಕಡೆ ನೋಡುತ್ತ ಕೂತಿರಿ.